ಕೊಕೇನ್ ತಡೆಯೋ ಅಂತಾರಾಷ್ಟ್ರೀಯ ಸರ್ವಿಸ್: 5ಕ್ಕೆ ಒಂದೂವರೆ ಸ್ಟಾರ್

ಮೊಬೈಲ್ ಚಾರ್ಜರ್‌ಗೂ ಉದ್ದುದ್ದ ರಿವ್ಯೂ ಬರೀತೀವಿ, ಅರವತ್ತು ವರ್ಷದಿಂದ ಅಷ್ಟೊಂದು ದೇಶಗಳ ದುಡ್ಡು ತಿಂತಿರೋ ಈ ಸರ್ವಿಸ್‌ಗೆ ಯಾಕೆ ಬರೀಬಾರ್ದು ಅನ್ನಿಸ್ತು. ವಿಶ್ವಸಂಸ್ಥೆಯ ಡ್ರಗ್ಸ್ ವರದಿ ಪ್ರತಿ ಜೂನ್‌ನಲ್ಲಿ ಬರುತ್ತೆ, ಕೆಲವು ವರ್ಷದಿಂದ ಓದ್ತಾ ಇದೀನಿ, ಆ ಲೆಕ್ಕದಲ್ಲಿ ಬರೀತಿರೋದು.

ಮೊದಲು ವಾರಂಟಿ ಕಾರ್ಡ್ ನೋಡಿ. 1961ರ ವಿಶ್ವಸಂಸ್ಥೆಯ ಡ್ರಗ್ಸ್ ಒಪ್ಪಂದದಲ್ಲಿ, ಇದು ಜಾರಿಗೆ ಬಂದ 25 ವರ್ಷದೊಳಗೆ ಕೋಕಾ ಎಲೆ ಜಗಿಯೋದನ್ನೇ ನಿಲ್ಲಿಸಬೇಕು ಅಂತ ಬರೆದ್ರು. ಕೊಕೇನ್ ಅಲ್ಲ ಮಾರಾಯ್ರೆ, ಅದನ್ನ ತೆಗೆಯೋ ಗಿಡದ ಎಲೆ! ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಜನ ಸಾವಿರಾರು ವರ್ಷದಿಂದ ಹಸಿವು, ಸುಸ್ತು ಕಳ್ಯೋಕೆ ದವಡೇಲಿ ಇಟ್ಕೊಳ್ಳೋ ಎಲೆ. ನಿಲ್ಲಲಿಲ್ಲ. 1998ರಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಿ 'ಡ್ರಗ್ಸ್ ಇಲ್ಲದ ಜಗತ್ತು, ನಮ್ಮಿಂದ ಆಗುತ್ತೆ' ಅಂತ ಸ್ಲೋಗನ್ ಹೊಡೆದು 2008ರ ಗಡುವು ಇಟ್ಕೊಂಡ್ರು. ಅದು ಮುಗೀತು, 2009ರಲ್ಲಿ ಮತ್ತೆ ಸೇರಿ 2019 ಅಂದ್ರು. ಅದೂ ಮುಗೀತು.

ಈಗ ಡೆಲಿವರಿ ವಿಷಯ. 2013ರಲ್ಲಿ ಕೊಲಂಬಿಯಾದಲ್ಲಿ ಕೋಕಾ ಬೆಳೆ 48 ಸಾವಿರ ಹೆಕ್ಟೇರ್ ಇತ್ತು, 2023ಕ್ಕೆ 2 ಲಕ್ಷದ 53 ಸಾವಿರ. ಜಗತ್ತಿನ ಒಟ್ಟು ಉತ್ಪಾದನೆಯ ಅಂದಾಜು 2023ರಲ್ಲಿ 3,708 ಟನ್, ಅದರ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ. ತಗೊಳ್ಳೋರು ಎರಡೂವರೆ ಕೋಟಿ ಜನ.

ಸರ್ವಿಸ್‌ನವರು ಇದಕ್ಕೆ ಕೊಡೋ ಉತ್ತರ ಯಾವಾಗ್ಲೂ ಒಂದೇ, ಹಿಡಿದ ಮಾಲಿನ ಫೋಟೊ. ಟೇಬಲ್ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಪ್ಯಾಕೆಟ್, ಪ್ರತಿಯೊಂದರ ಮೇಲೂ ಯಾವ್ದೋ ಮುದ್ರೆ, ಹಿಂದೆ ಕೈಕಟ್ಟಿ ನಿಂತಿರೋ ಆಫೀಸರ್‌ಗಳು. ನಾನೂ ಮುಂಚೆ ಇಂಥ ಫೋಟೊ ಕಂಡ್ರೆ ಭಲೇ ಅಂತ ಶೇರ್ ಮಾಡ್ತಿದ್ದೆ. 2023ರಲ್ಲಿ ಹಿಡಿದಿದ್ದು 2,275 ಟನ್, ಕೇಳೋಕೆ ಭಾರೀ ಅನ್ಸುತ್ತೆ. ಆದ್ರೆ ಇದನ್ನ 3,708ರಲ್ಲಿ ಕಳೆದು ಲೆಕ್ಕ ಹಾಕೋ ಹಾಗಿಲ್ಲ, ಯಾಕಂದ್ರೆ ಉತ್ಪಾದನೆ ಲೆಕ್ಕ ಶುದ್ಧ ಮಾಲಿನದು, ಹಿಡಿದಿದ್ರಲ್ಲಿ ಬೆರಕೆ ಇರುತ್ತೆ. ನಿಜವಾಗ್ಲೂ ನೋಡ್ಬೇಕಾದ್ದು ಬೀದಿಯ ರೇಟು. ಇಷ್ಟು ಹಿಡಿದ್ಮೇಲೆ ಮಾಲು ಸಿಗದೆ ಬೆಲೆ ಏರ್ಬೇಕಿತ್ತಲ್ವಾ, ಯುರೋಪ್‌ನಲ್ಲಿ ಬೆಲೆ ಏರಲೂ ಇಲ್ಲ, ಹತ್ತು ವರ್ಷದ ಹಿಂದಿಗಿಂತ ಬೆರಕೆ ಕಮ್ಮಿ ಆಗಿದೆ. ಅಂದ್ರೆ ಗಿರಾಕಿಗೆ ಅದೇ ದುಡ್ಡಿಗೆ ಒಳ್ಳೆ ಮಾಲು ಸಿಗ್ತಿದೆ, ಇದನ್ನ ಯಾವ ಪ್ರೆಸ್‌ಮೀಟ್‌ನಲ್ಲೂ ಹೇಳಲ್ಲ.

ಯಾಕೆ ಹೀಗೆ ಅಂದ್ರೆ, ಬೀದಿ ಬೆಲೆಯಲ್ಲಿ ಎಲೆಯ ಪಾಲು ಒಂದೆರಡು ಪರ್ಸೆಂಟ್ ಅಷ್ಟೆ. ಹೊಲ ಸುಟ್ರೆ ಹೋಗೋದು ರೈತನ ಊಟ, ವ್ಯಾಪಾರಿಯ ಲಾಭ ಅಲ್ಲ. ಕೊಲಂಬಿಯಾದಲ್ಲಿ ಎಲೆ ಕೀಳೋ ಕೂಲಿಯವರನ್ನ ರಾಸ್ಪಚೀನ್ ಅಂತಾರೆ, ಕೊಂಬೆ ಹಿಡಿದು ಎಳೆದು ಎಳೆದು ಬೆರಳು ಕಿತ್ತು ಹೋಗ್ಬಾರ್ದು ಅಂತ ಬಟ್ಟೆ ಚಿಂದಿ ಸುತ್ಕೊಂಡಿರ್ತಾರೆ. ವರ್ಷಕ್ಕೆ ಮೂರ್ನಾಲ್ಕು ಕೊಯ್ಲು. ಬಾಳೆ ಬೆಳೆದ್ರೆ ರಸ್ತೆ ಇಲ್ಲದ ಕಾಡಲ್ಲಿ ಪೇಟೆ ಮುಟ್ಟೋದ್ರೊಳಗೆ ಕೊಳೆತು ಹೋಗುತ್ತೆ, ಎಲೆಯಿಂದ ತೆಗೆದ ಕೋಕಾ ಪೇಸ್ಟ್ ಆದ್ರೆ ಬ್ಯಾಗಲ್ಲಿ ಹಾಕ್ಕೊಂಡು ನಡ್ಕೊಂಡೇ ಹೋಗ್ಬಹುದು, ಎಷ್ಟೋ ಕಡೆ ಕೊಳ್ಳೋನೇ ಮನೆ ಬಾಗ್ಲಿಗೆ ಬರ್ತಾನೆ. ಸರ್ಕಾರಕ್ಕೂ ಫಾರ್ಕ್ ಬಂಡುಕೋರರಿಗೂ 2016ರಲ್ಲಿ ಶಾಂತಿ ಒಪ್ಪಂದ ಆದ್ಮೇಲೆ ಸುಮಾರು 99 ಸಾವಿರ ಕುಟುಂಬ ಬೇರೆ ಬೆಳೆಗೆ ಬದಲಾಗ್ತೀವಿ ಅಂತ ಸಹಿ ಹಾಕಿದ್ರು, ಬಹಳಷ್ಟು ಜನ ಗಿಡ ಕಿತ್ತೂ ಬಿಟ್ರು, ಆದ್ರೆ ಸರ್ಕಾರ ಹೇಳಿದ್ದ ಯೋಜನೆ ಎಷ್ಟೋ ಜನಕ್ಕೆ ಸಮಯಕ್ಕೆ ಬರ್ಲೇ ಇಲ್ಲ.

ಅದಕ್ಕಿಂತ ಮುಂಚೆ 2000ದಲ್ಲಿ ಶುರುವಾದ, ಡ್ರಗ್ಸ್ ಹತ್ತಿಕ್ಕೋಕೆ ಅಂತ ಮಾಡಿದ ಪ್ಲಾನ್ ಕೊಲಂಬಿಯಾ ಇತ್ತು, ಅಮೆರಿಕ ನೂರಾರು ಕೋಟಿ ಡಾಲರ್ ಸುರೀತು, ವಿಮಾನದಿಂದ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆದ್ರು, ಕೋಕಾ ಜೊತೆ ಪಕ್ಕದ ಊಟದ ಬೆಳೆಯೂ ಹೋಯ್ತು. ಗಡಿ ಆಚೆ ಈಕ್ವೆಡಾರ್‌ಗೂ ಹಾರಿ, 2013ರಲ್ಲಿ ಕೊಲಂಬಿಯಾ ಒಂದೂವರೆ ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು, 2015ರಲ್ಲಿ ಸಿಂಪಡಣೆನೇ ನಿಲ್ಲಿಸಿದ್ರು. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಉಬ್ಬುತ್ತೆ ಅನ್ನೋದು ಹಳೇ ಕಥೆ, 90ರ ದಶಕದಲ್ಲಿ ಪೆರು, ಬೊಲಿವಿಯಾದಲ್ಲಿ ಬಿಗಿ ಮಾಡಿದ್ಕೇ ಬೆಳೆ ಕೊಲಂಬಿಯಾಗೆ ಬಂದಿದ್ದು. ಕೊಲಂಬಿಯಾದ ಕೊಕೇನ್ ದೊರೆ ಎಸ್ಕೋಬಾರ್‌ನ 1993ರಲ್ಲಿ ಕೊಂದ್ರು, ಅಲ್ಲಿನ ಕಾಲಿ ಊರಿನ ಕಾರ್ಟೆಲ್‌ನ (ಡ್ರಗ್ಸ್ ಗ್ಯಾಂಗಿನ) ದೊಡ್ಡವರನ್ನ 1995ರಲ್ಲಿ ಹಿಡಿದ್ರು, ಅಂಗಡಿ ಒಂದು ದಿನಾನೂ ಬಾಗ್ಲು ಹಾಕ್ಲಿಲ್ಲ.

ಒಂದು ಸ್ಟಾರ್ ಯಾಕೆ ಕೊಟ್ಟೆ ಅಂದ್ರೆ ಪೊಲೀಸರ ಕೆಲಸಕ್ಕೆ. 2020ರಲ್ಲಿ ಎನ್ಕ್ರೋಚಾಟ್, 2021ರಲ್ಲಿ ಸ್ಕೈ ಇಸಿಸಿ ಅನ್ನೋ ಗುಪ್ತ ಮೆಸೇಜ್ ಜಾಲಗಳನ್ನ ಯುರೋಪ್ ಪೊಲೀಸರು ಒಡೆದು ಓದಿದ್ದು ಭಲೇ ಕೆಲಸ, ಕಳ್ಳರ ಮಾತು ಕಳ್ಳರ ಬಾಯಲ್ಲೇ ಸಿಕ್ತು. ಬೆಲ್ಜಿಯಂನ ಆಂಟ್ವರ್ಪ್ ಬಂದರಲ್ಲಿ 2023ರಲ್ಲಿ ದಾಖಲೆಯ 116 ಟನ್ ಹಿಡಿದ್ರು, 2024ರಲ್ಲಿ 44ಕ್ಕೆ ಇಳೀತು. ಗೆದ್ವಿ ಅಂತ ಕುಣಿಬೇಡಿ, ದಾರಿ ಬದಲಾಗಿರೋ ಸಾಧ್ಯತೆನೇ ಜಾಸ್ತಿ. ಬ್ಯಾಂಕ್ ಕಡೆ ವಿಭಾಗಕ್ಕಂತೂ ಸೊನ್ನೆ: 2012ರಲ್ಲಿ ಎಚ್‌ಎಸ್‌ಬಿಸಿ ಕಾರ್ಟೆಲ್ ದುಡ್ಡು ಹಾದು ಹೋದದ್ದಕ್ಕೆ 190 ಕೋಟಿ ಡಾಲರ್ ಕಟ್ಟಿ ಆರಾಮಾಗಿ ಹೊರಗೆ ಬಂತು, ಎಲೆ ಕಿತ್ತವನು ಜೈಲಲ್ಲಿ.

ಉಳಿದ ಅರ್ಧ ಸ್ಟಾರ್ ಬೊಲಿವಿಯಾಗೆ. ಚಪಾರೆ ಭಾಗದಲ್ಲಿ ಒಂದು ಮನೆಗೆ ಒಂದು ಕಾತೋ, ಅಂದ್ರೆ 40 ಮೀಟರ್ ಉದ್ದ 40 ಮೀಟರ್ ಅಗಲ ಜಾಗದಲ್ಲಿ ಮಾತ್ರ ಕೋಕಾ, ಮಿತಿ ಮೀರಿದ್ರೆ ರೈತ ಸಂಘದವರೇ ಬಂದು ಕೇಳ್ತಾರೆ, ಹೆಲಿಕಾಪ್ಟರ್ ಬೇಡ, ಗುಂಡೂ ಬೇಡ. ದೇಶದ ಬೆಳೆ 2010ರ 31 ಸಾವಿರ ಹೆಕ್ಟೇರ್‌ನಿಂದ 2015ಕ್ಕೆ ಸುಮಾರು 20 ಸಾವಿರಕ್ಕೆ ಬಂತು. ಆಮೇಲೆ ಮತ್ತೆ 30ರ ಹತ್ರ ಹೋಗಿದೆ, ಅದಕ್ಕೇ ಅರ್ಧ.

ರಿಟರ್ನ್ ಪಾಲಿಸಿ ಬಗ್ಗೆ ಕೇಳೋರಿಗೆ: ಇದೆ. ಎಲೆ ಜಗಿಯೋದು ನಮ್ಮ ಹಕ್ಕು ಅಂತ ಬೊಲಿವಿಯಾ 2011ರಲ್ಲಿ 1961ರ ಒಪ್ಪಂದ ವಾಪಸ್ ಮಾಡಿ, ಆ ಒಂದು ಷರತ್ತು ಹಾಕಿ 2013ರಲ್ಲಿ ಮತ್ತೆ ಸೇರ್ಕೊಳ್ತು. ತಡೆಯೋಕೆ ಮೂರನೇ ಒಂದು ಭಾಗ ದೇಶಗಳು ಬೇಕಿತ್ತು, ಆಕ್ಷೇಪ ಎತ್ತಿದ್ದು 15.