ಚಂದ್ರಂಪಳ್ಳಿಯ ಕಪ್ಪು ಬಿಳುಪು: ಪ್ರಿಂಟ್ ಕೊಳ್ಳಿರಿ, ಫ್ರೇಮ್ ಬೇಡ

ನಮ್ಮ ಕಲಬುರಗಿಯ ಮನೆಗಳಲ್ಲಿ ಕಪ್ಪು ಬಿಳುಪು ಚಿತ್ರಕ್ಕೆ ಇರುವುದು ಒಂದೇ ಜಾಗ, ಹಾರ ಹಾಕಿದ ಹಿರಿಯರ ಸಾಲು. ಚಂದ್ರಂಪಳ್ಳಿ ಜಲಾಶಯದ ದೊಡ್ಡ ಚಿತ್ರವನ್ನು ನಡುಮನೆಗೆ ತಂದಾಗ ಅತ್ತೆ ಕೇಳಿದರು: "ಬಣ್ಣದ್ದಕ್ಕೆ ದುಡ್ಡು ಸಾಲಲಿಲ್ಲವೇನವ್ವಾ?" 16×24 ಅಂಗುಲದ ಪ್ರಿಂಟ್, ಫ್ರೇಮ್ ಸೇರಿ 5,800 ರೂಪಾಯಿ ಎಂದು ಅವರಿಗೆ ಇನ್ನೂ ಹೇಳಿಲ್ಲ.

ಈ ಜಲಾಶಯ ಇರುವುದು 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿಯಲ್ಲಿ. ಅಲ್ಲಿಯದು ಎಲೆ ಉದುರುವ ಒಣ ಕಾಡು. ಬೇಸಿಗೆಯಲ್ಲಿ ಅದನ್ನು ಬಣ್ಣದಲ್ಲಿ ತೆಗೆದರೆ ಮಣ್ಣು, ಕೊಂಬೆ, ಹುಲ್ಲು ಎಲ್ಲವೂ ಒಂದೇ ಕಂದು. ಬಣ್ಣ ತೆಗೆದುಹಾಕಿದರೆ ಬೋಳು ಮರಗಳ ರೇಖೆ ಎದ್ದು ಕಾಣುತ್ತದೆ. ಈ ಚಿತ್ರದಲ್ಲಿ ನೀರಂಚಿನ ಮರದ ಕಾಂಡ ಕಡುಗಪ್ಪು, ಆದರೂ ತೊಗಟೆಯ ಬಿರುಕುಗಳು ಮುಚ್ಚಿಹೋಗಿಲ್ಲ. ಆಕಾಶ ಬಿಳಿ, ಆದರೂ ಬರಿಯ ಕಾಗದದಂತೆ ಖಾಲಿಯಿಲ್ಲ. ಹಣ ಕೊಟ್ಟಿದ್ದು ಇದಕ್ಕೆ.

ಅಂಗಡಿಯಲ್ಲಿ ಎರಡು ಬಗೆಯ ಪ್ರಿಂಟ್ ಇವೆ. ಅಗ್ಗದ್ದು ಹೊಳಪು ಕಾಗದದ್ದು. ಬಣ್ಣದ ಇಂಕುಗಳನ್ನೇ ಬೆರೆಸಿ ಬೂದು ಮಾಡಿರುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿಯೇ ಇತ್ತು, ಬಾಗಿಲ ಬಿಸಿಲಿಗೆ ಹಿಡಿದರೆ ನೇರಳೆ ಛಾಯೆ. ನಾನು ಕೊಂಡಿದ್ದು ಹತ್ತಿಯ ನಾರಿನ, ಹೊಳಪಿಲ್ಲದ ಕಾಗದದ್ದು. ಅದಕ್ಕೆ ಬೂದು ಛಾಯೆಗಳ ಪ್ರತ್ಯೇಕ ಪಿಗ್ಮೆಂಟ್ ಇಂಕು ಬಳಸುತ್ತಾರೆ. ಬಿಸಿಲಿಗೂ ಬಲ್ಬಿಗೂ ಹಿಡಿದು ನೋಡಿದೆ, ಬೂದು ಬೂದಾಗಿಯೇ ಉಳಿಯಿತು. ನೀವೂ ಹಾಗೆ ನೋಡದೆ ಹಣ ಕೊಡಬೇಡಿ.

ಇಷ್ಟು ಒಳ್ಳೆಯ ಪ್ರಿಂಟಿಗೆ ಹಾಕಿದ ಫ್ರೇಮ್ ಮಾತ್ರ ಶುದ್ಧ ಉಡಾಫೆ. ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಕೊಡುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್, ಇಲ್ಲದೆ ಗಾಜನ್ನು ಕಾಗದಕ್ಕೇ ಒತ್ತಿ ಕೂರಿಸಿದ್ದರು. ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಯಾರು? "ಎಲ್ಲರಿಗೂ ಹೀಗೆಯೇ ಕೊಡುತ್ತೇವೆ ಅಕ್ಕಾ" ಎಂಬ ಉತ್ತರ ಬಂತು. ಗಾಜೂ ಸಾಮಾನ್ಯದ್ದು. ಕಪ್ಪು ಹೆಚ್ಚಿರುವ ಚಿತ್ರದ ಮೇಲೆ ಅಂಥ ಗಾಜು ಕನ್ನಡಿಯಾಗುತ್ತದೆ. ಕಾಡು ನೋಡಲು ನಿಂತರೆ ನಮ್ಮ ಸೀಲಿಂಗ್ ಫ್ಯಾನ್ ತಿರುಗುವುದು ಕಾಣುತ್ತಿತ್ತು. ಬೇರೆ ಕಡೆ ಆಮ್ಲರಹಿತ ಮೌಂಟ್ ಬೋರ್ಡ್ ಹಾಕಿಸಿ ಮತ್ತೆ ಕಟ್ಟಿಸಿದೆ, 1,400 ರೂಪಾಯಿ ಹೆಚ್ಚುವರಿ. ಕಿಟಕಿಯ ಎದುರಿನಿಂದ ಪಕ್ಕದ ಗೋಡೆಗೆ ಸ್ಥಳಾಂತರಿಸಿದ ಮೇಲೆ ಪ್ರತಿಫಲನ ಬಹುಪಾಲು ಹೋಯಿತು.

ಪ್ರಿಂಟ್ ಕೊಟ್ಟ ಅಂಗಡಿಯವರು ಒಂದು ವಾರ ಎಂದು ಮೂರು ವಾರ ತೆಗೆದುಕೊಂಡರು. ಪ್ರಿಂಟ್ ಮಾತ್ರ ಸಾಕು, ಸುರುಳಿ ಸುತ್ತಿ ಕೊಡಿ ಎಂದು ಕೇಳಿದರೆ 3,900ಕ್ಕೆ ಕೊಡುತ್ತಾರೆ. ಇದನ್ನು ಅವರಾಗಿ ಹೇಳುವುದಿಲ್ಲ.