ಒಣಹುಲ್ಲಿಗೆ ಜೊತೆಯಾಗಿ ಯೂರಿಯಾ–ಕಾಕಂಬಿ ನೆಕ್ಕುಬಿಲ್ಲೆ: ಬಳಸಿ ನೋಡಿದ ಅಭಿಪ್ರಾಯ

ಹಸಿರು ಮೇವು ಸಿಗದ ತಿಂಗಳುಗಳಲ್ಲಿ ಭತ್ತದ ಹುಲ್ಲು ಮತ್ತು ಜೋಳದ ಸಪ್ಪೆಯನ್ನೇ ನೆಚ್ಚಿಕೊಂಡು ದನ ಸಾಕುವವರಿಗೆಂದು ಮಾರಾಟವಾಗುವ ಯೂರಿಯಾ–ಕಾಕಂಬಿ ನೆಕ್ಕುಬಿಲ್ಲೆಯನ್ನು (ಯೂರಿಯಾ ಮತ್ತು ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಪ್ಪು ಪಾಕವಾದ ಕಾಕಂಬಿ ಸೇರಿಸಿ ಮಾಡಿದ, ದನ ನೆಕ್ಕುವ ಗಟ್ಟಿ ಅಚ್ಚು) ಒಂದು ಬೇಸಿಗೆಯುದ್ದಕ್ಕೂ ನಮ್ಮ ಕೊಟ್ಟಿಗೆಯಲ್ಲಿ ಬಳಸಿದ್ದೇನೆ. ಬಿಲ್ಲೆ ಇಟ್ಟ ಕೆಲವೇ ವಾರಗಳಲ್ಲಿ ಗೋದಲಿಯಲ್ಲಿ ಉಳಿಯುತ್ತಿದ್ದ ದಂಟು ಕಡಿಮೆಯಾಯಿತು. ಗಟ್ಟಿಯಾಗಿ ಬೀಳುತ್ತಿದ್ದ ಸಗಣಿ ಮೆತ್ತಗಾಯಿತು. ಹಾಲು ಹೆಚ್ಚುತ್ತದೆ ಎಂಬ ಜಾಹೀರಾತಿಗಿಂತ ಈ ಎರಡು ಗುರುತುಗಳನ್ನೇ ನಾನು ನಂಬುತ್ತೇನೆ.

ಒಣಹುಲ್ಲಿನಲ್ಲಿ ಕಚ್ಚಾ ಪ್ರೋಟೀನು (ಮೇವಿನ ಸಾರಜನಕದಿಂದ ಲೆಕ್ಕ ಹಾಕುವ ಪ್ರೋಟೀನು) ಶೇ. 3ರಿಂದ 4ರಷ್ಟು ಮಾತ್ರ ಇರುತ್ತದೆ. ಮೇವಿನಲ್ಲಿ ಅದು ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಾಕಷ್ಟು ಸಾರಜನಕ ಸಿಗುವುದಿಲ್ಲ. ನಾರು ಕರಗುವುದು ನಿಧಾನವಾಗಿ, ಹೊಟ್ಟೆ ಖಾಲಿಯಾಗದೆ, ದನ ಮೇವು ಬಿಡುತ್ತದೆ. ಬಿಲ್ಲೆಯಲ್ಲಿರುವ ಯೂರಿಯಾ ಆ ಸಾರಜನಕವನ್ನೂ ಕಾಕಂಬಿ ಒಡನೆಯೇ ಬೇಕಾದ ಶಕ್ತಿಯನ್ನೂ ಒದಗಿಸುತ್ತವೆ. ಆದರೆ ಲೆಕ್ಕ ಹಾಕಿ ನೋಡಬೇಕು. 6 ಕಿಲೋ ಹುಲ್ಲಿನಿಂದ ಹೆಚ್ಚೆಂದರೆ 240 ಗ್ರಾಂ ಪ್ರೋಟೀನು ಸಿಗುತ್ತದೆ. ಶೇ. 10 ಯೂರಿಯಾ ಇರುವ ಬಿಲ್ಲೆಯನ್ನು ದಿನಕ್ಕೆ 400 ಗ್ರಾಂ ನೆಕ್ಕಿದರೆ ಒಳಹೋಗುವ ಯೂರಿಯಾ 40 ಗ್ರಾಂ, ಅಂದರೆ ಸುಮಾರು 115 ಗ್ರಾಂ ಪ್ರೋಟೀನಿಗೆ ಸಮ. ಇಷ್ಟು ಸೇರಿದರೂ ಶೇ. 7ರ ಮಟ್ಟ ಮುಟ್ಟುವುದಿಲ್ಲವಾದ್ದರಿಂದ, ಬಿಲ್ಲೆ ಇದ್ದರೆ ಹಿಂಡಿಯೇ ಬೇಡ ಎಂದು ಹೇಳುವ ಮಾರಾಟಗಾರರ ಮಾತನ್ನು ದಯವಿಟ್ಟು ಒಪ್ಪಬೇಡಿ.

ಕೊಳ್ಳುವಾಗ ನೋಡಬೇಕಾದ ಮುಖ್ಯ ಗುಣ ಗಟ್ಟಿತನ. ನಾವು ತಂದ ಎರಡು ತಯಾರಿಕೆಗಳಲ್ಲಿ ಒಂದನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೂ ತಗ್ಗು ಬೀಳಲಿಲ್ಲ. ದನ ನೆಕ್ಕಿದಂತೆ ಅದರ ಮೈ ನುಣುಪಾಗಿ ಸವೆಯಿತು. ಇನ್ನೊಂದು ಸೆಕೆಗೆ ಮೆತ್ತಗಾಗಿ, ಎಮ್ಮೆ ಅದರ ಮೂಲೆಯನ್ನು ಹಲ್ಲಿನಿಂದ ಕಿತ್ತು ತಿನ್ನತೊಡಗಿದ್ದರಿಂದ ಕೂಡಲೇ ತೆಗೆದಿಟ್ಟೆವು. ಇದನ್ನು ಸಣ್ಣ ಕೊರತೆಯೆಂದು ಭಾವಿಸಬಾರದು: ನೆಕ್ಕಿದಾಗ ಸ್ವಲ್ಪಸ್ವಲ್ಪವಾಗಿ ಇಳಿಯುವ ಯೂರಿಯಾ, ಕಚ್ಚಿ ತಿಂದಾಗ ಒಮ್ಮೆಗೇ ಹೊಟ್ಟೆ ಸೇರಿ ಅಮೋನಿಯಾ ವಿಷವಾಗುತ್ತದೆ. ನಡುಕ, ಜೊಲ್ಲು, ಹೊಟ್ಟೆಯುಬ್ಬರ ಕಂಡರೆ ಪಶುವೈದ್ಯರನ್ನು ಕರೆಯಲು ತಡಮಾಡಬಾರದು.

ಹಸಿದ ದನಕ್ಕೆ ಮೊದಲು ಹುಲ್ಲು ಹಾಕಿ, ಆಮೇಲೆ ಬಿಲ್ಲೆ ಇಡಬೇಕು. ಕುಡಿಯುವ ನೀರು ಸದಾ ಹತ್ತಿರವಿರಬೇಕು. ಬಿಲ್ಲೆಯನ್ನು ನೀರಿನಲ್ಲಿ ಕದಡಿ ಕುಡಿಸಲೇಬಾರದು. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ನಮಗೆ ಸಿಕ್ಕಿದ ಹೊದಿಕೆಗಳ ಮೇಲೆ ಈ ಕೊನೆಯ ಎಚ್ಚರಿಕೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿತ್ತು, ಅದು ನನಗೆ ತೀರ ಬೇಸರ ತಂದಿತು.

ಬಿಲ್ಲೆ ಹುಲ್ಲನ್ನು ಬದಲಿಸುವುದಿಲ್ಲ. ಹುಲ್ಲನ್ನೇ ಸುಧಾರಿಸಬೇಕೆಂದರೆ 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರಿನಷ್ಟು ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಮನಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಹೊದಿಸಿ ಮೂರು ವಾರ ಬಿಡುವ ವಿಧಾನವೇ ಮೇಲು. ಅಮೋನಿಯಾ ನಾರಿನ ಬಿಗಿಯನ್ನು ಸಡಿಲಿಸುವುದರಿಂದ ಹುಲ್ಲು ಮೆದುವಾಗಿ ಹೆಚ್ಚು ಜೀರ್ಣವಾಗುತ್ತದೆ. ಆಳುಗಳು, ನೀರು, ಹರಿಯದ ಟಾರ್ಪಾಲು ಇರುವವರು ಅದನ್ನೇ ಮಾಡಲಿ. ಆದರೆ ಹಾಗೆ ಉಪಚರಿಸಿದ ಹುಲ್ಲಿನ ಜೊತೆ ಈ ಬಿಲ್ಲೆಯನ್ನೂ ಇಡಬಾರದು, ಯೂರಿಯಾ ಎರಡೂ ಕಡೆಯಿಂದ ಸೇರಿ ಹೆಚ್ಚಾಗುತ್ತದೆ. ಒಂದೆರಡು ದನಗಳಿದ್ದು, ದಿನದಿನದ ಹುಲ್ಲನ್ನು ಅಂದಂದೇ ತರುವವರಿಗೆ ನಾನು ಗಟ್ಟಿ ಬಿಲ್ಲೆಯನ್ನೇ ಸೂಚಿಸುತ್ತೇನೆ.