ಹಗಲು ಶಿಬಿರ, ರೆಸಾರ್ಟ್ ಕ್ಯಾಂಪ್, ಹಿನ್ನೀರಿನ ಟೆಂಟ್: ಮಗಳ ಮೂರು ಬೇಸಿಗೆ

ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚುತ್ತದೆ. ಆಮೇಲೆ ಹೆಚ್ಚುಕಡಿಮೆ ಮೇ ಕೊನೆಯವರೆಗೂ ಮಕ್ಕಳು ಮನೆಯಲ್ಲೇ. ನನ್ನ ಮಗಳು ತುಂಬ ಹಿಂಜರಿಯುವ ಹುಡುಗಿ. ಅಂಗಡಿಯವರು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳುತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ನನ್ನ ಸೆರಗಿನ ಹಿಂದೆ. ಅವಳಿಗೆ ಸ್ವಲ್ಪ ಧೈರ್ಯ ಬರಲಿ ಅಂತಲೇ ಮೂರು ಬೇಸಿಗೆ ಮೂರು ಬಗೆಯ ಶಿಬಿರಕ್ಕೆ ಕಳಿಸಿದೆ. ಮೂರರಲ್ಲೂ ಅವಳಿಗೆ ಆದದ್ದು ಬೇರೆ ಬೇರೆ.

ಮೊದಲನೆಯದು 2022ರಲ್ಲಿ, ಅವಳಿಗೆ 8 ವರ್ಷ. ನಮ್ಮ ಬಡಾವಣೆಯಲ್ಲೇ ಮೂರು ವಾರದ ಶಿಬಿರ, ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆವರೆಗೆ. ಮಣ್ಣಿನ ಗೊಂಬೆ, ಕೋಲಾಟ, ಹಾಡು, ಕಥೆ. ಅವಳಿಗೆ ತುಂಬ ಇಷ್ಟವಾಯಿತು. ಕೊನೆಯ ದಿನ ಎಲ್ಲರ ಜೊತೆ ವೇದಿಕೆ ಹತ್ತಿ ಹಾಡಿದಳು. ಆದರೆ ಅಲ್ಲಿ ಏನು ತೊಂದರೆಯಾದರೂ ಒಂದು ಗಂಟೆಗೆ ಅದು ನನ್ನ ಕೈಗೆ ಬರುತ್ತಿತ್ತು. ಒಂದು ದಿನ ಯಾರೋ ಅವಳ ಬಣ್ಣದ ಡಬ್ಬಿ ತೆಗೆದುಕೊಂಡರು. ಅವಳು ಅಲ್ಲಿ ಬಾಯಿ ಬಿಡಲಿಲ್ಲ. ಮನೆಗೆ ಬಂದು ಅತ್ತಳು, ನಾನು ಫೋನ್ ಮಾಡಿದೆ, ಡಬ್ಬಿ ಸಿಕ್ಕಿತು. ಅವಳು ಕೇಳುವ ಅಗತ್ಯವೇ ಬೀಳಲಿಲ್ಲ.

ಹಗಲು ಶಿಬಿರಗಳೆಲ್ಲ ಒಂದೇ ಅಂತ ಹೇಳಲಾರೆ. ಮೈಸೂರಿನಲ್ಲಿರುವ ತಂಗಿಯ ಮಗ ರಂಗಾಯಣದ ಚಿಣ್ಣರ ಮೇಳಕ್ಕೆ ಹೋಗಿದ್ದ. ಅಲ್ಲಿ ಮಕ್ಕಳು ದಿನಗಟ್ಟಲೆ ಒಟ್ಟಿಗೆ ಕಲಿತು ಕೊನೆಗೆ ನಾಟಕವನ್ನೇ ಆಡುತ್ತಾರೆ. ಮಾತಾಡಲು ಹೆದರುವ ಮಗುವಿಗೆ ಅಂಥ ಶಿಬಿರ ನಿಜಕ್ಕೂ ಒಳ್ಳೆಯದು. ಹುಡುಗನ ದನಿಯೇ ಬದಲಾಗಿತ್ತು. ಆದರೂ ರಾತ್ರಿ ಅಮ್ಮ ಪಕ್ಕದಲ್ಲಿಲ್ಲದೆ ಮಲಗುತ್ತಿರಲಿಲ್ಲ.

ಎರಡನೆಯದು 2023ರಲ್ಲಿ. ನಗರದಿಂದ ಎರಡು ಗಂಟೆ ದೂರದ ರೆಸಾರ್ಟಿನಲ್ಲಿ ಮೂರು ರಾತ್ರಿಯ ಕ್ಯಾಂಪ್. ಶುಲ್ಕ 9,500 ರೂಪಾಯಿ. ಹಗ್ಗದ ಸೇತುವೆ, ತಂತಿಗೆ ತೂಗಿಕೊಂಡು ಜಾರುವ ಜಿಪ್‌ಲೈನ್, ಈಜುಕೊಳ, ಬಫೆ ಊಟ. ಗಂಟೆಗೊಮ್ಮೆ ವಾಟ್ಸಾಪ್ ಗುಂಪಿಗೆ ಫೋಟೊ. ದಿನಾ ಸಂಜೆ ಏಳೂವರೆಗೆ ಮಕ್ಕಳಿಂದ ಮನೆಗೆ ಫೋನ್. ಇಷ್ಟೆಲ್ಲ ಇದೆಯಲ್ಲ ಅಂತ ನನಗೂ ನೆಮ್ಮದಿ.

ಹೊರಡುವ ಮುಂಚೆ ನಾನು ಅವಳಿಗೊಂದು ಮಾತು ಕೊಟ್ಟೆ. "ಅಳು ಬಂದರೆ ಹೇಳು ಪುಟ್ಟಿ, ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ." ಧೈರ್ಯ ತುಂಬುತ್ತಿದ್ದೇನೆ ಅಂದುಕೊಂಡಿದ್ದೆ. ಮೊದಲ ಸಂಜೆಯೇ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಮಾರನೆಯ ದಿನ ಹನ್ನೊಂದು ಗಂಟೆಗೆ ಕರೆದುಕೊಂಡು ಬಂದೆವು. ಮೊದಲ ದಿನ ಮಧ್ಯಾಹ್ನದ ಜಿಪ್‌ಲೈನ್ ಫೋಟೊದಲ್ಲಿ ಅವಳು ನಗುತ್ತಿದ್ದಳು. ಆದರೆ ಮನೆಗೆ ಬಂದ ಮೇಲೆ ಎಷ್ಟೋ ತಿಂಗಳು ಒಂದೇ ಮಾತು: "ನಂಗೆ ಆಗಲ್ಲಮ್ಮ, ನಾನು ಅಳ್ತೀನಿ." ಶಿಬಿರಕ್ಕೆ ಹೋಗುವ ಮುಂಚೆ ಇದ್ದ ಧೈರ್ಯವೂ ಕರಗಿತ್ತು. ಅದು ನನ್ನನ್ನು ಬಹಳ ಕಾಡಿತು.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಥರ್ಬರ್, ಮನೆಯಿಂದ ದೂರ ಹೋದ ಮಕ್ಕಳಿಗೆ ಬರುವ ಮನೆಯ ಹಂಬಲದ ಬಗ್ಗೆಯೇ ಕೆಲಸ ಮಾಡಿದವರು. 2007ರಲ್ಲಿ ವೈದ್ಯ ಎಡ್ವರ್ಡ್ ವಾಲ್ಟನ್ ಜೊತೆ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರ ಪ್ರಕಾರ ಮಾಡಬಾರದ ಕೆಲಸಗಳಲ್ಲಿ ಒಂದು ನಾನು ಕೊಟ್ಟಂಥ ಮಾತು. "ಬಂದು ಕರ್ಕೊಂಡು ಹೋಗ್ತೀನಿ" ಅಂದರೆ, ನಿನ್ನಿಂದ ಆಗಲಿಕ್ಕಿಲ್ಲ ಅಂತ ಅಮ್ಮನೇ ಹೇಳಿದ ಹಾಗೆ. ಅದರ ಬದಲು ಮೊದಲೇ ಒಂದೆರಡು ರಾತ್ರಿ ಬೇರೆ ಕಡೆ ಇದ್ದು ಅಭ್ಯಾಸವಾಗಲಿ, ಎಲ್ಲಿಗೆ ಹೋಗುವುದು ಅಂತ ಆರಿಸುವಾಗ ಮಗುವೂ ಜೊತೆಗಿರಲಿ ಅಂತಾರೆ.

ಹಾಗೇ ಮಾಡಿದೆವು. 2024ರ ಮಾರ್ಚಿನಲ್ಲಿ ತುಮಕೂರಿನ ಅತ್ತೆಯ ಮನೆಯಲ್ಲಿ ಎರಡು ರಾತ್ರಿ ಒಬ್ಬಳೇ ಇದ್ದು ಬಂದಳು. ಶಿಬಿರಗಳ ಫೋಟೊ ತೋರಿಸಿದಾಗ ಸಾಗರದ ಹತ್ತಿರ ಶರಾವತಿ ಹಿನ್ನೀರಿನ ದಡದಲ್ಲಿ ನಡೆಯುವುದನ್ನು ಅವಳೇ ಆರಿಸಿದಳು. ಏಳು ದಿನ, 11,000 ರೂಪಾಯಿ. ಫೋನ್ ಇಲ್ಲ, ಫೋಟೊ ಇಲ್ಲ. ಬಟ್ಟೆ, ಟಾರ್ಚು, ತಟ್ಟೆ ಎಲ್ಲವನ್ನೂ ಪಟ್ಟಿ ನೋಡಿಕೊಂಡು ಅವಳೇ ತುಂಬಿಕೊಂಡಳು. ನಾನು ಚೀಲ ಮುಟ್ಟಲಿಲ್ಲ. ರಾತ್ರಿಯ ತಾಳಗುಪ್ಪ ರೈಲಿಗೆ ಹತ್ತಿಸಿ ಬಂದ ಮೇಲೆ ನನಗೇ ನಿದ್ದೆ ಬರಲಿಲ್ಲ.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಈ ಹಿನ್ನೀರು ಆದದ್ದು 1964ರಲ್ಲಿ. ಏಪ್ರಿಲ್ ಹೊತ್ತಿಗೆ ಹಿನ್ನೀರು ಇಳಿದು ಕೆಂಪು ಮಣ್ಣಿನ ದಡ ಅಗಲವಾಗುತ್ತದೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತವೆ. ಮಕ್ಕಳು ಅಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಕಯಾಕ್ ಎಂಬ ಪುಟ್ಟ ದೋಣಿಗೆ ಹುಟ್ಟು ಹಾಕುವುದು ಕಲಿತರು. ಕಯಾಕನ್ನು ಬೇಕಂತಲೇ ಮಗುಚಿ, ನೀರಿನಿಂದ ಎದ್ದು ಬರುವುದನ್ನೂ ಕಲಿಸಿದರಂತೆ. ಆದರೆ ಮನೆಗೆ ಬಂದ ಮಗಳು ಮೊದಲು ಹೇಳಿದ್ದು ಕಯಾಕಿನ ಕಥೆಯನ್ನಲ್ಲ. ಟಾಯ್ಲೆಟ್ಟಿನ ಕಥೆ.

ಟೆಂಟಿನಿಂದ ಟಾಯ್ಲೆಟ್ಟಿಗೆ ಸುಮಾರು ಅರವತ್ತು ಹೆಜ್ಜೆ. ರಾತ್ರಿ ಒಬ್ಬರೇ ಹೋಗುವ ಹಾಗಿಲ್ಲ, ಜೊತೆಯವರನ್ನು ಎಬ್ಬಿಸಬೇಕು. ಟಾಯ್ಲೆಟ್ ಹತ್ತಿರ ದೀಪ ಹಚ್ಚಿಕೊಂಡು ಒಬ್ಬ ಅಕ್ಕ ಇರುತ್ತಾರೆ. ಮೊದಲ ರಾತ್ರಿ ಇವಳಿಗೆ ಯಾರನ್ನೂ ಎಬ್ಬಿಸಲು ಬಾಯಿ ಬರಲಿಲ್ಲ. ಬೆಳಕು ಹರಿಯುವವರೆಗೂ ಕಾಲು ಮಡಚಿ ಮಲಗಿದ್ದಳು. ಎರಡನೇ ರಾತ್ರಿ ತಡೆಯಲಾಗದೆ ಪಕ್ಕದ ಹುಡುಗಿಯ ಭುಜ ಅಲ್ಲಾಡಿಸಿದಳು. ಅವಳು ಬೈಯಲಿಲ್ಲ, ಸುಮ್ನೆ ಎದ್ದು ಬಂದಳು. ನಾಲ್ಕನೇ ರಾತ್ರಿ ಬೇರೆ ಒಬ್ಬಳು ಬಂದು ಇವಳನ್ನು ಎಬ್ಬಿಸಿದಳು. "ಅಮ್ಮ, ಅವಳು ನನ್ನನ್ನೇ ಎಬ್ಬಿಸಿದ್ಲು. ಬೇರೆಯವರೂ ಇದ್ರು, ಆದ್ರೂ ನನ್ನನ್ನೇ." ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದರು: ನನ್ನಿಂದ ಆಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ಕಷ್ಟದ ಕೆಲಸವನ್ನು ತಾನೇ ಮಾಡಿ ಮುಗಿಸಿದಾಗ. ಬೇರೆಯವರ ಹೊಗಳಿಕೆಗೆ ಅಷ್ಟು ಬಲವಿಲ್ಲ. ರೆಸಾರ್ಟಿನ ಜಿಪ್‌ಲೈನಿನಲ್ಲಿ ಬೆಲ್ಟು ಕಟ್ಟಿದ್ದು, ತಳ್ಳಿದ್ದು, ಇಳಿಸಿಕೊಂಡಿದ್ದು ಎಲ್ಲ ದೊಡ್ಡವರೇ. ಹಿನ್ನೀರಿನ ದಡದಲ್ಲಿ ಆ ಅರವತ್ತು ಹೆಜ್ಜೆಯನ್ನು ಅವಳೇ ನಡೆಯಬೇಕಿತ್ತು. ನನ್ನ ಮಟ್ಟಿಗೆ ಮೂರು ಶಿಬಿರಗಳ ನಡುವಿನ ವ್ಯತ್ಯಾಸ ಇಷ್ಟೇ.

ಅಜ್ಜಿ ಮನೆಗೆ ಕಳಿಸಿದ್ದರೆ ಸಾಲದಾ ಅಂತ ತುಂಬ ಜನ ಕೇಳುತ್ತಾರೆ. ನಮ್ಮ ಕಾಲದಲ್ಲಿ ಸಾಕಿತ್ತು. ಶಿವಮೊಗ್ಗದ ಮನೆಯ ಜಗುಲಿಯಲ್ಲಿ ನಾವು ಹನ್ನೊಂದು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ಈಗ ಅಲ್ಲಿ ಅಜ್ಜಿ ಒಬ್ಬರೇ. ಮೊಮ್ಮಗಳು ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಾರೆ.

ದುಡ್ಡು ಹೊಂದಿಸುವುದು ಕಷ್ಟವಾದರೆ ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದೆಯಾ ವಿಚಾರಿಸಿ. ದೊಡ್ಡಬಳ್ಳಾಪುರದಲ್ಲಿ, ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ ಅವರ ಶಿಬಿರದ ಜಾಗಗಳಿವೆ. ಸ್ಕೌಟ್ಸ್ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಟೆಂಟಿನಲ್ಲಿ ಇಟ್ಟಾಗಲೇ ಅವರನ್ನು ಸಣ್ಣ ತಂಡಗಳಾಗಿ ಮಾಡಿ, ಪ್ರತಿ ತಂಡವನ್ನೂ ಒಬ್ಬ ಹುಡುಗನಿಗೇ ಒಪ್ಪಿಸಿದ್ದರು. ಆ ಪದ್ಧತಿ ಈಗಲೂ ಇದೆ.

ಯಾವ ಶಿಬಿರವಾದರೂ ಕಳಿಸುವ ಮುಂಚೆ ಸಂಕೋಚವಿಲ್ಲದೆ ಪ್ರಶ್ನೆ ಕೇಳಿ. ರಾತ್ರಿ ಮಕ್ಕಳ ಹತ್ತಿರ ಯಾರು ಮಲಗುತ್ತಾರೆ, ಹೆಣ್ಣುಮಕ್ಕಳ ಜೊತೆ ಹೆಂಗಸರು ಇರುತ್ತಾರಾ, ನೀರಿಗೆ ಇಳಿಯುವಾಗ ಎಷ್ಟು ಮಕ್ಕಳಿಗೆ ಒಬ್ಬರು, ಆಸ್ಪತ್ರೆ ಎಷ್ಟು ದೂರ. ಸರಿಯಾಗಿ ಉತ್ತರ ಕೊಡದವರ ಹತ್ತಿರ ಮಗುವನ್ನು ಬಿಡಬೇಡಿ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ. ಮಗು ಬೇಡ ಅಂತ ಹಟ ಹಿಡಿದರೆ ಒಂದು ವರ್ಷ ಕಾಯಿರಿ.

ಶಿಬಿರದಿಂದ ಬರೆದಿದ್ದ ಕಾರ್ಡು ಅವಳು ಮನೆ ಸೇರಿ ನಾಲ್ಕು ದಿನಕ್ಕೆ ಬಂತು. "ಅಮ್ಮ, ಇಲ್ಲಿ ಸೊಳ್ಳೆ ಜಾಸ್ತಿ. ನಂಗೆ ಅಳು ಬಂತು. ಆಮೇಲೆ ಪಾತ್ರೆ ತೊಳೆದೆ." ಆ ಜೂನಿನಲ್ಲಿ ಬೋರ್ಡು ಕಾಣಿಸುತ್ತಿಲ್ಲ ಅಂತ ಟೀಚರ್‌ಗೆ ಅವಳೇ ಹೇಳಿ ಮುಂದಿನ ಬೆಂಚಿಗೆ ಹೋಗಿದ್ದಳು. ನನಗೆ ಗೊತ್ತಾದದ್ದು ಟೀಚರ್ ಕನ್ನಡಕದ ಮಾತೆತ್ತಿದಾಗ.

ಮುಂದಿನ ಸಲ ತಂಗಿಯ ಮಗನೂ ಹಿನ್ನೀರಿಗೆ ಹೊರಟ. ಹೊರಡುವ ಹಿಂದಿನ ದಿನ ನಮ್ಮ ನಡುಮನೆಯಲ್ಲಿ ಮಗಳು ಅವನಿಗೆ ಸ್ಲೀಪಿಂಗ್ ಬ್ಯಾಗ್ ಸುತ್ತುವುದನ್ನು ತೋರಿಸುತ್ತಿದ್ದಳು. ತಂಗಿ ಅವನ ತಲೆ ಸವರಿ ಏನೋ ಹೇಳಲು ಬಾಯಿ ತೆರೆದಳು. ಮಗಳು ತಲೆ ಎತ್ತಿದಳು.

"ಚಿಕ್ಕಮ್ಮ, ಅಳು ಬಂದ್ರೆ ಬಂದು ಕರ್ಕೊಂಡು ಹೋಗ್ತೀನಿ ಅಂತ ಮಾತ್ರ ಹೇಳ್ಬೇಡಿ. ಅವನು ನನ್ನನ್ನ ಎಬ್ಬಿಸ್ತಾನೆ."